ಟಿನ್ ಸರೋವರದ ದೋಣಿ: ಗುಪ್ತ ದಾಳಿ ಮತ್ತು ಜನಸಾಮಾನ್ಯರ ಸಾವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಯುದ್ಧದಲ್ಲಿ ಗುಟ್ಟಾಗಿ ಹೋಗಿ ಹೊಡೆಯುವುದು ಸರಿಯೋ ತಪ್ಪೋ ಎಂದು ಯಾರಾದರೂ ಕೇಳಿದರೆ ನಾನು ನಾರ್ವೆಯ ಕಥೆ ಹೇಳುತ್ತೇನೆ. ಒಂದೇ ಕಾರ್ಖಾನೆ, ಅದರಲ್ಲಿ ತಯಾರಾಗುವ ಒಂದೇ ವಸ್ತು. ಅದನ್ನು ಒಂದು ವರ್ಷದೊಳಗೆ ಮೂರು ರೀತಿಯಲ್ಲಿ ಹೊಡೆದರು. ಒಂದು ಸಲ ಯಾರೂ ಸಾಯಲಿಲ್ಲ. ಇನ್ನೆರಡು ಸಲ ಊರಿನವರೇ ಸತ್ತರು. ಪಕ್ಕಪಕ್ಕ ಇಟ್ಟು ನೋಡಲು ಇಂಥ ಮೂರು ಘಟನೆ ಇತಿಹಾಸದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಕಥೆ ಹೇಳಿದಾಗಲೆಲ್ಲ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ಮೊದಲು ನಡೆದದ್ದೇನು ಅಂತ ಚುಟುಕಾಗಿ ಹೇಳ್ತೀರಾ?

1940ರ ಏಪ್ರಿಲ್‌ನಲ್ಲಿ ಜರ್ಮನಿ ನಾರ್ವೆಯ ಮೇಲೆ ದಂಡೆತ್ತಿ ಬಂತು. ದಕ್ಷಿಣ ನಾರ್ವೆಯ ತೆಲೆಮಾರ್ಕ್ ಸೀಮೆಯಲ್ಲಿ ರ್ಯೂಕನ್ ಎಂಬ ಕಣಿವೆ ಊರಿದೆ. ಅದರ ಪಕ್ಕದಲ್ಲೇ, ಬಂಡೆಯ ಅಂಚಿಗೆ ಅಂಟಿಕೊಂಡಂತೆ, ವೆಮೋರ್ಕ್ ಜಲವಿದ್ಯುತ್ ಕೇಂದ್ರ. ನಾರ್ಸ್ಕ್ ಹೈಡ್ರೋ ಕಂಪನಿ ಅಲ್ಲಿ ಗೊಬ್ಬರ ತಯಾರಿಕೆಗೆ ಹೈಡ್ರೋಜನ್ ತೆಗೆಯುತ್ತಿತ್ತು. ಅದರ ಜೊತೆಗೇ ಸ್ವಲ್ಪ ಸ್ವಲ್ಪ ಭಾರಜಲವೂ ಸಿಗುತ್ತಿತ್ತು. ಜರ್ಮನ್ನರ ಕಣ್ಣು ಬಿದ್ದದ್ದು ಇದರ ಮೇಲೆ.

1942ರ ನವೆಂಬರ್‌ನಲ್ಲಿ ಬ್ರಿಟಿಷ್ ಸೈನಿಕರನ್ನು ಎಂಜಿನ್ ಇಲ್ಲದ ಗ್ಲೈಡರ್ ವಿಮಾನಗಳಲ್ಲಿ ಕಳಿಸಿದರು. ಗುರಿ ಮುಟ್ಟುವ ಮೊದಲೇ ಅವು ಬಿದ್ದುಹೋದವು. 1943ರ ಫೆಬ್ರವರಿ 27ರ ರಾತ್ರಿ ಒಂಬತ್ತು ನಾರ್ವೆ ಯೋಧರು ಒಳನುಗ್ಗಿ ಸುಮಾರು 500 ಕಿಲೋ ಭಾರಜಲವನ್ನು ಚರಂಡಿ ಪಾಲು ಮಾಡಿದರು. ಕೆಲವೇ ತಿಂಗಳಲ್ಲಿ ಜರ್ಮನ್ನರು ಎಲ್ಲವನ್ನೂ ರಿಪೇರಿ ಮಾಡಿಕೊಂಡರು. ಅದೇ ವರ್ಷ ನವೆಂಬರ್ 16ರಂದು ಅಮೆರಿಕದ ವಿಮಾನಗಳು ಬಾಂಬ್ ಹಾಕಿದವು. ಆಮೇಲೆ ಜರ್ಮನ್ನರು ಇದ್ದಬದ್ದ ಭಾರಜಲವನ್ನು ತಮ್ಮ ದೇಶಕ್ಕೆ ಸಾಗಿಸಲು ಹೊರಟರು. ದಾರಿಯಲ್ಲಿ ಅದು ಟಿನ್ ಸರೋವರ ದಾಟಬೇಕಿತ್ತು. 1944ರ ಫೆಬ್ರವರಿ 20ರ ಭಾನುವಾರ ಬೆಳಿಗ್ಗೆ ಅದನ್ನು ಹೊತ್ತ ದೋಣಿಯನ್ನು ನಾರ್ವೆಯವರೇ ಮುಳುಗಿಸಿದರು. ದೋಣಿಯಲ್ಲಿ ಪ್ರಯಾಣಿಕರಿದ್ದರು.

ಭಾರಜಲ ಅಂದರೆ ಸ್ಫೋಟಕವಾ?

ಅಲ್ಲ. ನೋಡಲು ನೀರೇ. ಸಾಮಾನ್ಯ ಹೈಡ್ರೋಜನ್ ಇರಬೇಕಾದ ಜಾಗದಲ್ಲಿ ಅದಕ್ಕಿಂತ ತೂಕದ ಡ್ಯೂಟೀರಿಯಂ ಇರುತ್ತದೆ, ಅಷ್ಟೇ. ಪರಮಾಣು ರಿಯಾಕ್ಟರಿನೊಳಗೆ ನ್ಯೂಟ್ರಾನ್‌ಗಳ ವೇಗ ತಗ್ಗಿಸಲು ಬಳಸುತ್ತಾರೆ. ನಮ್ಮ ಕೈಗಾ ಸ್ಥಾವರ ನಡೆಯುವುದೂ ಭಾರಜಲದಿಂದಲೇ. ಆಗಿನ ಭಯ ಏನೆಂದರೆ, ಇದರಿಂದ ರಿಯಾಕ್ಟರ್ ಕಟ್ಟಿ, ಅದರಿಂದ ಪ್ಲುಟೋನಿಯಂ ತೆಗೆದು, ಹಿಟ್ಲರ್ ಅಣುಬಾಂಬ್ ಮಾಡಿಬಿಟ್ಟರೆ?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಬಾಂಬು ಬಂದೂಕು ಬರುವ ಮೊದಲೇ ಅಲ್ಲಿ ಗುಪ್ತ ಕಿತಾಪತಿ ಶುರುವಾಗಿತ್ತು. ಕಾರ್ಖಾನೆಯ ಎಂಜಿನಿಯರ್ ಯೋಮರ್ ಬ್ರೂನ್ ಯಾರಿಗೂ ಕಾಣದಂತೆ ಒಳಗೆ ಹರಳೆಣ್ಣೆ ಬೆರೆಸುತ್ತಿದ್ದರು. ನೊರೆ ಬಂದು ಕೆಲಸ ನಿಂತುಹೋಗುತ್ತಿತ್ತು. ಯಾರ ಕೂದಲೂ ಕೊಂಕದ ವಿಧ್ವಂಸ ಎಂದರೆ ಇದು. ಆದರೆ ಹರಳೆಣ್ಣೆಯಿಂದ ಯುದ್ಧ ಗೆಲ್ಲುವುದಕ್ಕೆ ಆಗುವುದಿಲ್ಲವಲ್ಲ. 1942ರ ಕೊನೆಗೆ ಅವರೂ ನಕ್ಷೆಗಳನ್ನು ಹೊತ್ತು ಬ್ರಿಟನ್ನಿಗೆ ಪಾರಾದರು.

ಮೊದಲ ದಾಳಿಯಲ್ಲಿ ಒಬ್ಬರೂ ಸಾಯಲಿಲ್ಲ ಅಂತಾರೆ. ಅದೃಷ್ಟವಾ?

ಅದೃಷ್ಟವೂ ಇತ್ತು. ಆದರೆ ಜಾಸ್ತಿ ಪಾಲು ಅವರು ಮಾಡಿದ ಆಯ್ಕೆಗಳದ್ದು.

ಕಾರ್ಖಾನೆಗೆ ಹೋಗಲು ಸುಲಭದ ದಾರಿ ಒಂದು ತೂಗುಸೇತುವೆ. ಅದರ ಮೇಲೆ ಜರ್ಮನ್ ಕಾವಲುಗಾರರು. ಆ ದಾರಿ ಹಿಡಿದರೆ ಅವರನ್ನು ಕೊಲ್ಲಲೇಬೇಕು. ಕೊಂದರೆ ಊರಿನವರ ಮೇಲೆ ಸೇಡು ಗ್ಯಾರಂಟಿ. ತಂಡದ ಕ್ಲಾಸ್ ಹೆಲ್ಬೆರ್ಗ್ ಹಗಲಲ್ಲಿ ಒಬ್ಬರೇ ಹೋಗಿ ಕಣಿವೆ ನೋಡಿಬಂದರು. ಕೆಳಗಿಳಿದು, ಹೊಳೆ ದಾಟಿ, ಎದುರಿನ ಬಂಡೆ ಹತ್ತಿದರೆ ರೈಲು ಹಳಿ ಸಿಗುತ್ತದೆ ಎಂದರು. ಫೆಬ್ರವರಿ ಚಳಿ, ಹಿಮ, ಬೆನ್ನ ಮೇಲೆ ಸ್ಫೋಟಕ. ಆ ದಾರಿಯನ್ನೇ ಹಿಡಿದರು.

ಒಳಗೆ ನಡೆದದ್ದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ತಂಡದ ನಾಯಕ ಯೋಆಕಿಮ್ ರೊನ್ನೆಬೆರ್ಗ್‌ಗೆ ಆಗ 23 ವರ್ಷ. ತಂತಿಗಳು ಹಾದುಹೋಗುವ ಇಕ್ಕಟ್ಟಾದ ಸುರಂಗದಲ್ಲಿ ತೆವಳಿ ಒಳಗೆ ಹೋದರು. ಭಾರಜಲದ ಕೊಠಡಿಯಲ್ಲಿ ನಾರ್ವೆಯವನೇ ಆದ ಒಬ್ಬ ಕಾವಲುಗಾರ ಕೂತಿದ್ದ. ಅವನಿಗೆ ಬಂದೂಕು ತೋರಿಸಿ, ಸ್ಫೋಟಕ ಕಟ್ಟಿ, ಇನ್ನೇನು ಬತ್ತಿ ಹಚ್ಚಬೇಕು ಎನ್ನುವಾಗ ಅವನು ಕೇಳಿದ: ನನ್ನ ಕನ್ನಡಕ ಎಲ್ಲಿ? ಯುದ್ಧಕಾಲ, ಹೊಸ ಕನ್ನಡಕ ಸಿಗುವುದು ಕಷ್ಟ. ರೊನ್ನೆಬೆರ್ಗ್ ಹುಡುಕಿದರು. ಪೆಟ್ಟಿಗೆ ಸಿಕ್ಕಿತು, ಕೊಟ್ಟರು. ಮತ್ತೆ ಬತ್ತಿ ಹಚ್ಚಲು ಬಗ್ಗಿದರೆ, ಇದರಲ್ಲಿ ಕನ್ನಡಕವೇ ಇಲ್ಲ ಎಂದ. ಮತ್ತೆ ಹುಡುಕಾಟ. ಅದು ಸಿಕ್ಕಿ, ಅವನ ಕೈಗೆ ಸೇರಿದ ಮೇಲೆಯೇ ಬತ್ತಿಗೆ ಬೆಂಕಿ. ಎರಡು ನಿಮಿಷದ ಬತ್ತಿಯನ್ನು 30 ಸೆಕೆಂಡಿಗೆ ಕತ್ತರಿಸಿದ್ದರು. ಕಾವಲುಗಾರನಿಗೆ ಮೇಲಿನ ಮಹಡಿಗೆ ಓಡು, ಮಲಗಿಕೋ, ಬಾಯಿ ತೆರೆದಿಟ್ಟುಕೋ ಎಂದರು. ಇಲ್ಲದಿದ್ದರೆ ಸದ್ದಿಗೆ ಕಿವಿತಮಟೆ ಒಡೆಯುತ್ತದೆ.

ಹೊರಗೆ ಸದ್ದು ಜೋರಾಗಿ ಕೇಳಿಸಲಿಲ್ಲ. ಜರ್ಮನ್ ಸೈನಿಕನೊಬ್ಬ ಟಾರ್ಚ್ ಹಿಡಿದು ಬಂದ. ಬಾಗಿಲು ಅಲ್ಲಾಡಿಸಿದ. ಹಿಮದ ಮೇಲೆ ಬೆಳಕು ಆಡಿಸಿದ. ಮರೆಯಲ್ಲಿ ಕೂತ ಇಬ್ಬರ ಬಂದೂಕು ಅವನ ಕಡೆಗೇ ಇತ್ತು. ಒಬ್ಬರು ಹೊಡೆಯಲಾ ಎಂದರು, ಇನ್ನೊಬ್ಬರು ಬೇಡ ಎಂದರು. ಸೈನಿಕ ಒಳಗೆ ಹೋದ.

ಕನ್ನಡಕದ ಪ್ರಸಂಗ ಹೇಳಿದರೆ ಎಲ್ಲರೂ ನಗುತ್ತಾರೆ. ನನಗೂ ನಗು ಬರುತ್ತದೆ. ಆದರೆ ಲೆಕ್ಕ ಹಾಕಿ ನೋಡಿ. ಆ ಒಂದೊಂದು ಸೆಕೆಂಡಿಗೂ ಸಿಕ್ಕಿಬೀಳುವ ಅಪಾಯ ಇತ್ತು, ಆ ಅಪಾಯವನ್ನು ದಾಳಿ ಮಾಡಿದವರು ತಮ್ಮ ಮೈಮೇಲೆ ಎಳೆದುಕೊಂಡರು. ಮೂರೂ ದಾಳಿಗಳನ್ನು ಅಳೆಯಲು ನಾನು ಬಳಸುವುದು ಇದನ್ನೇ: ಅಪಾಯವನ್ನು ಯಾರು ಹೊತ್ತರು?

ಗುಟ್ಟಾಗಿ ಹೋದವರು ಯೂನಿಫಾರ್ಮ್ ಯಾಕೆ ಹಾಕಿದ್ದರು? ವಿಚಿತ್ರ ಅಲ್ವಾ?

ಮೇಲ್ನೋಟಕ್ಕೆ ವಿಚಿತ್ರವೇ. ಹಿಮದ ಮೇಲೆ ಕಾಣದಿರಲಿ ಎಂದು ಬಿಳಿ ಹೊದಿಕೆ, ಅದರ ಕೆಳಗೆ ಬ್ರಿಟಿಷ್ ಸೈನ್ಯದ ಸಮವಸ್ತ್ರ. ಹೊರಡುವಾಗ ಬ್ರಿಟಿಷ್ ಸೈನ್ಯ ಬಳಸುತ್ತಿದ್ದ ಒಂದು ಟಾಮಿ ಗನ್ ಅನ್ನು ಬೇಕೆಂದೇ ಬಿಟ್ಟುಬಂದರು. ಇದು ಹೊರಗಿನ ಸೈನಿಕರ ಕೆಲಸ, ಊರಿನವರದಲ್ಲ ಎಂದು ಜರ್ಮನ್ನರಿಗೆ ಗೊತ್ತಾಗಬೇಕಿತ್ತು. ಅಂದರೆ ಹೋಗುವವರೆಗೆ ಗುಟ್ಟು, ಹೋದ ಮೇಲೆ ಸಹಿ.

ಇದರ ಹಿಂದೆ ತೆಲಾವೋಗ್ ಎಂಬ ಊರಿನ ನೆನಪು ಇತ್ತು. ಪಶ್ಚಿಮ ಕರಾವಳಿಯ ಮೀನುಗಾರರ ಹಳ್ಳಿ. 1942ರ ಏಪ್ರಿಲ್‌ನಲ್ಲಿ ಅಲ್ಲಿ ಅಡಗಿದ್ದ ಪ್ರತಿರೋಧ ಪಡೆಯವರನ್ನು ಹಿಡಿಯಲು ಬಂದ ಗೆಸ್ಟಾಪೋ ಎಂಬ ನಾಜಿ ಗುಪ್ತ ಪೊಲೀಸ್ ಪಡೆಯ ಇಬ್ಬರು ಅಧಿಕಾರಿಗಳು ಗುಂಡೇಟಿಗೆ ಸತ್ತರು. ಜರ್ಮನ್ನರು ಇಡೀ ಹಳ್ಳಿಯನ್ನು ಸುಟ್ಟರು. ಗಂಡಸರನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಸೆರೆ ಶಿಬಿರಕ್ಕೆ ಸಾಗಿಸಿದರು, ಅವರಲ್ಲಿ 31 ಮಂದಿ ಹಿಂದಿರುಗಲಿಲ್ಲ. ಈ ಘಟನೆಗೆ ಸಂಬಂಧವೇ ಇಲ್ಲದ 18 ಕೈದಿಗಳನ್ನು ಗುಂಡಿಕ್ಕಿ ಕೊಂದರು.

ಹೀಗಾಗಿ ಗುಪ್ತ ದಾಳಿಯ ಸಾವುನೋವು ಎಂದರೆ ಸ್ಫೋಟದಲ್ಲಿ ಸತ್ತವರನ್ನು ಮಾತ್ರ ಎಣಿಸಿದರೆ ಸಾಲದು. ಮರುದಿನ ಬಂದು ಶತ್ರು ಯಾರ ಮನೆ ಬಾಗಿಲು ಒದೆಯುತ್ತಾನೆ ಎನ್ನುವುದೂ ಅದರಲ್ಲಿ ಸೇರಬೇಕು. ಸೇಡು ತೀರಿಸಿಕೊಂಡ ಪಾಪ ಸೇಡು ತೀರಿಸಿಕೊಂಡವನದ್ದೇ, ಅದರಲ್ಲಿ ಅನುಮಾನ ಇಲ್ಲ. ಆದರೂ ಅದು ಬರುತ್ತದೆ ಎಂದು ಗೊತ್ತಿದ್ದು ಲೆಕ್ಕಕ್ಕೆ ಇಟ್ಟುಕೊಳ್ಳದೆ ಹೋದರೆ ಅದು ಬೇಜವಾಬ್ದಾರಿ. ವೆಮೋರ್ಕ್ ತಂಡ ಲೆಕ್ಕಕ್ಕೆ ಇಟ್ಟುಕೊಂಡಿತ್ತು. ರ್ಯೂಕನ್‌ನಲ್ಲಿ ತೆಲಾವೋಗ್ ಮರುಕಳಿಸಲಿಲ್ಲ.

ಸಮವಸ್ತ್ರ ಹಾಕಿದವರನ್ನು ಜರ್ಮನ್ನರು ಯುದ್ಧಕೈದಿಗಳಂತೆ ನೋಡಿಕೊಂಡರಾ?

ಇಲ್ಲ. 1942ರ ಅಕ್ಟೋಬರ್ 18ರಂದು ಹಿಟ್ಲರ್ ಒಂದು ಗುಪ್ತ ಆದೇಶ ಹೊರಡಿಸಿದ್ದ. ಕಮಾಂಡೋಗಳು ಸಿಕ್ಕಿಬಿದ್ದರೆ, ಸಮವಸ್ತ್ರದಲ್ಲಿದ್ದರೂ ಸರಿ, ಶರಣಾದರೂ ಸರಿ, ಕೊಂದುಬಿಡಿ ಎಂದು. ಮರುತಿಂಗಳೇ ಗ್ಲೈಡರ್ ದುರಂತದಲ್ಲಿ ಬದುಕುಳಿದ ಬ್ರಿಟಿಷ್ ಸೈನಿಕರನ್ನು ಇದರಂತೆ ಕೊಂದರು. ಅಪಘಾತ ಮತ್ತು ಹತ್ಯೆ ಎರಡೂ ಸೇರಿ ಆ ಕಾರ್ಯಾಚರಣೆಯಲ್ಲಿ 41 ಜನ ಸತ್ತರು.

ಯುದ್ಧ ಮುಗಿದ ಮೇಲೆ ಇದಕ್ಕೆ ವಿಚಾರಣೆಗಳು ನಡೆದವು. ನಾರ್ವೆಯಲ್ಲಿ ಜರ್ಮನ್ ಸೇನೆಯ ಮುಖ್ಯಸ್ಥನಾಗಿದ್ದ ಫಾಲ್ಕೆನ್‌ಹಾರ್ಸ್ಟ್‌ಗೆ 1946ರಲ್ಲಿ ಮರಣದಂಡನೆ ಆಯಿತು. ಆಮೇಲೆ ಅದು 20 ವರ್ಷದ ಸೆರೆಗೆ ಇಳಿಯಿತು, 1953ಕ್ಕೇ ಬಿಡುಗಡೆಯೂ ಆಯಿತು. ಇಟಲಿಯಲ್ಲಿ ಇಂಥದ್ದೇ ಕೊಲೆ ಮಾಡಿಸಿದ ಜನರಲ್ ಡಾಸ್ಲರ್‌ಗೆ ಅಷ್ಟು ಅದೃಷ್ಟ ಇರಲಿಲ್ಲ, 1945ರ ಡಿಸೆಂಬರ್‌ನಲ್ಲಿ ಗುಂಡಿಕ್ಕಿದರು. ಮೇಲಿನವರ ಆದೇಶ ಇತ್ತು ಎಂಬ ನೆಪ ನಡೆಯಲಿಲ್ಲ.

ಕದ್ದುಮುಚ್ಚಿ ಹೊಡೆಯುವುದೇ ಅಧರ್ಮ ಅಲ್ವಾ? ಎದುರಾ ಎದುರು ಬರಬೇಕು ತಾನೇ?

ನಾವು ಅಶ್ವತ್ಥಾಮನ ಕಥೆ ಕೇಳಿ ಬೆಳೆದವರು. ರಾತ್ರಿ ದಾಳಿ ಎಂದ ಕೂಡಲೇ ಮನಸ್ಸು ಅಲ್ಲಿಗೇ ಹೋಗುತ್ತದೆ. ಆದರೆ ಆ ರಾತ್ರಿಯ ಬಗ್ಗೆ ನಮಗೆ ಹೇಸಿಗೆ ಆಗುವುದು ಕತ್ತಲೆಯ ಕಾರಣಕ್ಕಾ? ಮಲಗಿದ್ದವರನ್ನು, ದ್ರೌಪದಿಯ ಐದು ಮಕ್ಕಳನ್ನೂ ಸೇರಿಸಿ, ಕೊಂದದ್ದಕ್ಕೆ. ಅದೇ ಕತ್ತಲಲ್ಲಿ ಅವನು ಬಂದು ಬರೀ ರಥಗಳ ಗಾಲಿ ಮುರಿದು ಹೋಗಿದ್ದರೆ ನಾವು ಅವನನ್ನು ಬಲು ಚಾಲಾಕಿ ಎನ್ನುತ್ತಿದ್ದೆವು.

ಯುದ್ಧದ ಕಾನೂನೂ ಹೆಚ್ಚುಕಡಿಮೆ ಹೀಗೇ ಯೋಚಿಸುತ್ತದೆ. 1907ರ ಹೇಗ್ ನಿಯಮಗಳ ಪ್ರಕಾರ ಯುಕ್ತಿ ಮಾಡಬಹುದು, ವಿಶ್ವಾಸಘಾತ ಮಾಡಬಾರದು. ಅಡಗಿ ಕೂರುವುದು, ದಾರಿ ತಪ್ಪಿಸುವುದು, ಕತ್ತಲಲ್ಲಿ ಬರುವುದು ಯುಕ್ತಿ. ಬಿಳಿ ಬಾವುಟ ತೋರಿಸಿ ಹತ್ತಿರ ಕರೆದು ಹೊಡೆಯುವುದು, ರೆಡ್ ಕ್ರಾಸ್ ಗುರುತು ಹಾಕಿಕೊಂಡು ಬಂದೂಕು ಸಾಗಿಸುವುದು ವಿಶ್ವಾಸಘಾತ. ಇದರಲ್ಲಿ ಒಂದು ವಿವೇಕ ಇದೆ. ಒಬ್ಬ ಬಿಳಿ ಬಾವುಟವನ್ನು ದುರುಪಯೋಗ ಮಾಡಿದರೆ, ನಾಳೆ ನಿಜವಾಗಿ ಶರಣಾಗಲು ಬಂದವನಿಗೂ ಗುಂಡು ಬೀಳುತ್ತದೆ.

ಹಾಗಾದರೆ ಬಾಂಬ್ ದಾಳಿ? ಅದು ಬಹಿರಂಗ ತಾನೇ?

ಹೌದು, ಹಾಡುಹಗಲು. ನೂರಕ್ಕೂ ಹೆಚ್ಚು ಬಿ-17 ಬಾಂಬರ್ ವಿಮಾನಗಳು, 700ಕ್ಕೂ ಹೆಚ್ಚು ಬಾಂಬುಗಳು. ಕೆಲಸಗಾರರು ಊಟಕ್ಕೆ ಹೋಗಿರಲಿ ಎಂದು ಮಧ್ಯಾಹ್ನದ ಬಿಡುವಿನ ಹೊತ್ತನ್ನು ಆರಿಸಿಕೊಂಡಿದ್ದರು. ಅಷ್ಟು ಕಾಳಜಿ ಇತ್ತು ಎನ್ನೋಣ. ಆದರೆ ಆಗಿನ ಬಾಂಬಿಗೆ ಅಷ್ಟು ಗುರಿ ಎಲ್ಲಿತ್ತು? ಬಹುಪಾಲು ಕಾರ್ಖಾನೆಗೆ ತಾಗಲೇ ಇಲ್ಲ. ಭಾರಜಲ ಇದ್ದದ್ದು ನೆಲಮಾಳಿಗೆಯಲ್ಲಿ, ದಪ್ಪ ಕಾಂಕ್ರೀಟಿನ ಕೆಳಗೆ. ಅದಕ್ಕೆ ಹೆಚ್ಚೇನೂ ಆಗಲಿಲ್ಲ. 20ಕ್ಕೂ ಹೆಚ್ಚು ಜನ ಊರಿನವರು ಸತ್ತರು. ರಕ್ಷಣೆಗೆಂದು ಓಡಿಹೋಗಿ ಕೂತಿದ್ದ ಆಶ್ರಯತಾಣದ ಮೇಲೇ ಬಾಂಬ್ ಬಿತ್ತು.

ಲಂಡನ್ನಿನಲ್ಲಿದ್ದ ನಾರ್ವೆಯ ದೇಶಭ್ರಷ್ಟ ಸರ್ಕಾರಕ್ಕೆ ಮೊದಲು ತಿಳಿಸಿಯೇ ಇರಲಿಲ್ಲ. ಅವರು ಪ್ರತಿಭಟಿಸಿದರು. ವೆಮೋರ್ಕ್‌ನ ಭಾರಜಲ ಘಟಕ ಕಟ್ಟಲು ನೆರವಾಗಿದ್ದ, ಲಂಡನ್ನಿನಿಂದ ಈ ಕಾರ್ಯಾಚರಣೆಗಳ ಯೋಜನೆ ನೋಡಿಕೊಳ್ಳುತ್ತಿದ್ದ ಪ್ರೊಫೆಸರ್ ಲೈಫ್ ಟ್ರೋನ್‌ಸ್ಟಾಡ್ ಮೊದಲಿನಿಂದಲೂ ಬಾಂಬ್ ಬೇಡ ಎನ್ನುತ್ತಿದ್ದರು. ಆ ಕಾರ್ಖಾನೆ, ಆ ಊರು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನನಗೆ ಒಪ್ಪಿಕೊಳ್ಳಲು ಕಷ್ಟವಾಗುವ ಒಂದು ಸಂಗತಿಯೂ ಇದೆ. ಗುರಿ ತಪ್ಪಿದ ಆ ಬಾಂಬ್ ದಾಳಿಯೇ ಜರ್ಮನ್ನರ ಧೈರ್ಯ ಕೆಡಿಸಿತು. ಇಲ್ಲಿ ಇನ್ನು ನಡೆಯುವುದಿಲ್ಲ ಎಂದು ತಯಾರಿಕೆ ನಿಲ್ಲಿಸಿದರು. ಫಲ ಸಿಕ್ಕಿತು ಎಂದ ಮಾತ್ರಕ್ಕೆ ದಾರಿ ಸರಿ ಎನ್ನಲು ನಾನು ತಯಾರಿಲ್ಲ. ಆದರೆ ಅದು ವ್ಯರ್ಥವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ.

ದೋಣಿಯಲ್ಲಿ ಯಾರಿದ್ದರು?

ಶರಾವತಿ ಹಿನ್ನೀರಿನ ಲಾಂಚ್ ಮೇಲೆ ಬಸ್ಸು, ಕಾರು ಏರಿಸಿ ದಾಟಿಸುತ್ತಿದ್ದುದನ್ನು ನೋಡಿದವರಿಗೆ ಇದನ್ನು ಊಹಿಸುವುದು ಸುಲಭ. ಇಲ್ಲಿ ಬಸ್ಸಿನ ಬದಲು ರೈಲಿನ ಬೋಗಿಗಳು. ದೋಣಿಯ ಹೆಸರು ಹೈಡ್ರೋ, ಉಗಿ ಎಂಜಿನ್ನಿನದು. ರ್ಯೂಕನ್‌ನಿಂದ ಬಂದ ಬೋಗಿಗಳು ಮೆಯ್ಲ್ ಎಂಬಲ್ಲಿ ದೋಣಿ ಏರಿ ಸರೋವರದ ಇನ್ನೊಂದು ತುದಿಗೆ ಹೋಗುತ್ತಿದ್ದವು. ಜೊತೆಗೆ ಮಾಮೂಲಿ ಪ್ರಯಾಣಿಕರು. ಆ ದಿನ ಬೋಗಿಗಳಲ್ಲಿ ನಲವತ್ತರ ಆಸುಪಾಸು ಡ್ರಮ್ಮುಗಳಿದ್ದವು. ಮೇಲೆ ಪೊಟ್ಯಾಷ್ ಕ್ಷಾರ ಎಂದು ಬರೆದಿತ್ತು, ಒಳಗೆ ಭಾರಜಲ.

ಹಿಂದಿನ ರಾತ್ರಿ ನಾರ್ವೆ ಯೋಧ ಕ್ನೂಟ್ ಹೌಕೆಲಿಡ್ ಮತ್ತು ಸ್ಥಳೀಯರಾದ ಇಬ್ಬರು ಸಂಗಾತಿಗಳು ದೋಣಿಯ ತಳಕ್ಕೆ ಇಳಿದರು. ಜರ್ಮನ್ನರು ಬೋಗಿಗಳಿಗೆ ಬಿಗಿ ಕಾವಲು ಇಟ್ಟಿದ್ದರು, ದೋಣಿಗೆ ಕಾವಲೇ ಇಡಲಿಲ್ಲ. ಎಂಟೂವರೆ ಕಿಲೋ ಪ್ಲಾಸ್ಟಿಕ್ ಸ್ಫೋಟಕವನ್ನು ಮೂತಿಯ ಕಡೆ ಇಟ್ಟು, ಟೈಮರ್ ಆಗಿ ಮನೆಯಲ್ಲಿ ಇಟ್ಟುಕೊಳ್ಳುವ ಅಲಾರಂ ಗಡಿಯಾರಗಳನ್ನು ಜೋಡಿಸಿದರು. 10 ಗಂಟೆ 45 ನಿಮಿಷಕ್ಕೆ ಸಮಯ ಇಟ್ಟರು. ಹೌಕೆಲಿಡ್ ಮೊದಲೇ ಒಂದು ಸಲ ಅದೇ ದೋಣಿಯಲ್ಲಿ ಪ್ರಯಾಣ ಮಾಡಿ, ಗಡಿಯಾರ ನೋಡಿಕೊಂಡು, ತೀರಾ ಆಳದ ಜಾಗಕ್ಕೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಲೆಕ್ಕ ಹಾಕಿಬಂದಿದ್ದರು. ಅಲ್ಲಿ ಆಳ 400 ಮೀಟರಿಗೂ ಜಾಸ್ತಿ.

ಭಾನುವಾರವೇ ಯಾಕೆಂದರೆ ಆ ದಿನ ಜನ ಕಡಿಮೆ. ಹೆಚ್ಚು ಹೊತ್ತು ತೇಲಿದರೆ ದೋಣಿಯನ್ನು ದಡಕ್ಕೆ ಹತ್ತಿಸಿಬಿಡುತ್ತಾರೆ, ಭಾರಜಲ ಉಳಿಯುತ್ತದೆ. ಬೇಗ ಮುಳುಗಿದರೆ ಜನ ಸಾಯುತ್ತಾರೆ. ತೂತಿನ ಗಾತ್ರ ನಿರ್ಧರಿಸುವುದು ಎಂದರೆ ಎಷ್ಟು ಜನ ಸಾಯಬಹುದು ಎಂದು ನಿರ್ಧರಿಸಿದಂತೆ. ಆ ಲೆಕ್ಕ ಹಾಕಿದವರ ರಾತ್ರಿಗಳು ಹೇಗಿದ್ದವೋ.

18 ಜನ ಸತ್ತರು. 14 ಮಂದಿ ನಾರ್ವೆಯವರು, ನಾಲ್ವರು ಜರ್ಮನ್ ಸೈನಿಕರು. 29 ಜನ ಬದುಕಿದರು. ದಡದ ರೈತರು ಸಣ್ಣ ದೋಣಿಗಳಲ್ಲಿ ಹುಟ್ಟು ಹಾಕುತ್ತ ಬಂದು ಹಲವರನ್ನು ಎತ್ತಿದರು. ಹಳೆಯ ಕೆಲವು ಬರಹಗಳಲ್ಲಿ ಸತ್ತವರ ಸಂಖ್ಯೆ ಇದಕ್ಕಿಂತ ಜಾಸ್ತಿ ಕಾಣುತ್ತದೆ, ಗೊಂದಲ ಬೇಡ.

ದಾಳಿ ಮಾಡಿದವರು ಎರಡನೇ ಸಲ ಯೋಚಿಸಲಿಲ್ಲವಾ?

ಯೋಚಿಸಿದರು. ಕಾರ್ಖಾನೆಯೊಳಗಿನ ಸ್ನೇಹಿತರಿಗೆ ಅನುಮಾನ ಇತ್ತು. ಡ್ರಮ್ಮುಗಳಲ್ಲಿ ಹೆಚ್ಚಿನವು ತೀರಾ ತೆಳುವಾದ ಭಾರಜಲ, ಇದಕ್ಕಾಗಿ ಇಷ್ಟು ಜನರ ಜೀವ, ಆಮೇಲೆ ಬರುವ ಸೇಡು, ಇಷ್ಟೆಲ್ಲ ಬೇಕಾ ಎಂದು. ಹೌಕೆಲಿಡ್ ಈ ಪ್ರಶ್ನೆಯನ್ನು ರೇಡಿಯೋ ಮೂಲಕ ಲಂಡನ್ನಿಗೆ ಮುಟ್ಟಿಸಿದರು. ಉತ್ತರ ಚಿಕ್ಕದಾಗಿ ಬಂತು: ವಿಚಾರ ಮಾಡಿದ್ದೇವೆ, ನಾಶ ಆಗಲೇಬೇಕು, ತೀರಾ ಅನಾಹುತ ಆಗದೆ ಮುಗಿಯಲಿ ಎಂದು ಹಾರೈಸುತ್ತೇವೆ ಎಂಬ ಅರ್ಥದ್ದು.

ಒಂದು ವಿಷಯ ಗಮನಿಸಿ. ಭಾರಜಲ ಎಷ್ಟು ಅಪಾಯಕಾರಿ ಎಂದು ಅಳೆಯಬಲ್ಲವರು ಲಂಡನ್ನಿನಲ್ಲಿದ್ದರು. ದೋಣಿಯಲ್ಲಿ ಯಾರು ಹೋಗುತ್ತಾರೆ ಎಂದು ಗೊತ್ತಿದ್ದವರು ರ್ಯೂಕನ್‌ನಲ್ಲಿದ್ದರು. ತಕ್ಕಡಿಯ ಎರಡೂ ತಟ್ಟೆ ಒಬ್ಬನ ಕೈಯಲ್ಲಿ ಇರಲಿಲ್ಲ.

ಪ್ರಯಾಣಿಕರಿಗೆ ಎಚ್ಚರಿಕೆ ಕೊಡಬಹುದಿತ್ತಲ್ಲ?

ಎಲ್ಲರೂ ಕೇಳುವ ಪ್ರಶ್ನೆ. ಒಬ್ಬರಿಗೆ ಹೇಳಿದರೂ ಸಾಕು, ಸುದ್ದಿ ಹರಡಿ ಡ್ರಮ್ಮುಗಳು ಬೇರೆ ದಾರಿ ಹಿಡಿಯುತ್ತಿದ್ದವು. ಇದು ನೆಪವಲ್ಲ, ನಿಜ. ಆದರೆ ಆ ನಿಜ ಎಷ್ಟು ಭಾರದ್ದು ಎಂದು ಎರಡು ಪ್ರಸಂಗಗಳಲ್ಲಿ ಕಾಣುತ್ತದೆ.

ದೋಣಿಯ ತಳಕ್ಕೆ ಇಳಿಯುವಾಗ ರಾತ್ರಿ ಪಾಳಿಯ ಕಾವಲುಗಾರ ಅವರನ್ನು ನೋಡಿಬಿಟ್ಟ. ಗೆಸ್ಟಾಪೋದಿಂದ ತಪ್ಪಿಸಿಕೊಂಡು ಓಡುತ್ತಿದ್ದೇವೆ, ಅಡಗಲು ಜಾಗ ಬೇಕು ಎಂದರು. ಅವನು ಒಳ್ಳೆಯ ಮನುಷ್ಯ. ಸುಮ್ಮನೆ ಬಿಟ್ಟ. ಕೆಲಸ ಮುಗಿಸಿ ಹೊರಡುವಾಗ ಹೌಕೆಲಿಡ್ ಅವನ ಕೈ ಕುಲುಕಿ ಥ್ಯಾಂಕ್ಸ್ ಹೇಳಿದರು. ಬೇರೇನೂ ಹೇಳುವಂತಿರಲಿಲ್ಲ. ವರ್ಷದ ಹಿಂದೆ ಕನ್ನಡಕ ಹುಡುಕಿಕೊಟ್ಟ ತಂಡದಲ್ಲಿ ಇವರೂ ಇದ್ದರು.

ಇನ್ನೊಂದು, ತಂಡಕ್ಕೆ ನೆರವಾಗುತ್ತಿದ್ದ ಕಾರ್ಖಾನೆಯ ಕೆಲಸಗಾರನೊಬ್ಬನ ತಾಯಿ ಅದೇ ದೋಣಿಯಲ್ಲಿ ಹೊರಡುವವರಿದ್ದರು. ಬಾಯಿಬಿಟ್ಟು ಹೇಳುವಂತಿಲ್ಲ. ಮಗ ಊಟದಲ್ಲಿ ಭೇದಿ ಮಾತ್ರೆ ಬೆರೆಸಿದ ಎನ್ನುತ್ತಾರೆ. ತಾಯಿ ಮನೆಯಲ್ಲೇ ಉಳಿದರು.

ತಾಯಿಯನ್ನು ಮಾತ್ರ ಉಳಿಸಿಕೊಂಡದ್ದು ಅನ್ಯಾಯ ಅಲ್ವಾ?

ನ್ಯಾಯ ಎಂದು ನಾನು ಹೇಳಲಾರೆ. ತಪ್ಪು ಎಂದು ಹೇಳಲು ಬಾಯಿಯೂ ಬರುವುದಿಲ್ಲ. ಕಾರ್ಖಾನೆಯ ಇನ್ನೊಬ್ಬ ಎಂಜಿನಿಯರ್, ಹಿಂದಿನ ಸಂಜೆ ಊಟಕ್ಕೆ ಸಿಕ್ಕ ಸಂಗೀತಗಾರರೊಬ್ಬರು ನಾಳೆ ದೋಣಿ ಹತ್ತುತ್ತೇನೆ ಎಂದಾಗ, ಇನ್ನೊಂದು ದಿನ ಇರಿ, ಊರು ಚೆನ್ನಾಗಿದೆ ಎಂದೆಲ್ಲ ಒತ್ತಾಯ ಮಾಡಿ ಸೋತರು. ಸಂಗೀತಗಾರರು ದೋಣಿ ಹತ್ತಿದರು. ಪುಣ್ಯಕ್ಕೆ ಬದುಕಿದರು.

ಗುರುತಿದ್ದವರ ಬಗ್ಗೆ ಮನಸ್ಸು ಎಳೆಯುತ್ತದೆ, ಗುರುತಿಲ್ಲದವರು ಸಂಖ್ಯೆ ಆಗುತ್ತಾರೆ. ಅದಕ್ಕೇ, ನಿರ್ಧಾರ ಮಾಡುವ ಮೊದಲು ದೋಣಿಯಲ್ಲಿ ನನ್ನ ತಾಯಿಯೇ ಇದ್ದಿದ್ದರೆ ಎಂದು ಒಂದು ಸಲ ಕೇಳಿಕೊಳ್ಳಬೇಕು ಎನ್ನುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಹಾಗೆ ಕೇಳಿಕೊಂಡರೆ ಯಾರೂ ಯಾವ ದೋಣಿಯನ್ನೂ ಮುಳುಗಿಸುವುದಿಲ್ಲ, ಹಿಟ್ಲರನದ್ದೂ ಸೇರಿ. ಆದರೆ ಕೇಳಿಕೊಳ್ಳದೆಯೇ ಮುಳುಗಿಸುವವನನ್ನು ನಾನು ನಂಬುವುದಿಲ್ಲ.

ಇದೇ ಮಾತನ್ನು ಭಯೋತ್ಪಾದಕನೂ ಹೇಳಬಹುದಲ್ಲ? ನಮಗೂ ದೊಡ್ಡ ಗುರಿ ಇತ್ತು ಅಂತ.

ಹೇಳುತ್ತಾರೆ ಕೂಡ. ನಾನು ಒಂದು ಸಣ್ಣ ಪರೀಕ್ಷೆ ಮಾಡುತ್ತೇನೆ. ಆ ಬೆಳಿಗ್ಗೆ ದೋಣಿಗೆ ಒಬ್ಬ ಪ್ರಯಾಣಿಕನೂ ಬರಲಿಲ್ಲ ಅಂದುಕೊಳ್ಳಿ. ಬರೀ ಡ್ರಮ್ಮುಗಳು ಮುಳುಗಿದವು. ಹೌಕೆಲಿಡ್‌ಗೆ ಖುಷಿ ಆಗುತ್ತಿತ್ತಾ, ಬೇಜಾರಾ? ಖುಷಿಯೇ. ಈಗ ಸಂತೆಯಲ್ಲಿ ಬಾಂಬ್ ಇಟ್ಟವನನ್ನು ನೆನೆಯಿರಿ. ಅಂದು ಸಂತೆಗೆ ಯಾರೂ ಬರದಿದ್ದರೆ ಅವನ ಕೆಲಸ ಕೆಟ್ಟಂತೆ. ಅವನಿಗೆ ಬೇಕಾದದ್ದೇ ಜನ. ವ್ಯತ್ಯಾಸ ಅಲ್ಲಿದೆ.

ಆದರೆ ಈ ಪರೀಕ್ಷೆಯಲ್ಲಿ ಪಾಸಾದರೆ ಎಲ್ಲ ಮುಗಿಯಿತು ಎಂದಲ್ಲ. ಉದ್ದೇಶ ಇರಲಿಲ್ಲ ಎಂದು ಹೇಳಿಕೊಂಡು ಎಷ್ಟು ಜನರನ್ನಾದರೂ ಕೊಲ್ಲಬಹುದು. ಬಾಂಬ್ ಹಾಕಿದ ಪೈಲಟ್ಟುಗಳಿಗೂ ಊರಿನವರನ್ನು ಕೊಲ್ಲುವ ಉದ್ದೇಶ ಇರಲಿಲ್ಲ.

ದೋಣಿಗೆ ಹೋದವರು ಕೆಲಸಗಾರರ ಉಡುಪಿನಲ್ಲಿದ್ದರಂತೆ. ಆಗ ಯೂನಿಫಾರ್ಮ್ ನಿಯಮ ಎಲ್ಲಿ ಹೋಯಿತು?

ಕಷ್ಟದ ಪ್ರಶ್ನೆ. ಹೌದು, ಈ ಸಲ ಸಮವಸ್ತ್ರ ಇರಲಿಲ್ಲ. ಸಿಕ್ಕಿಬಿದ್ದಿದ್ದರೆ ಯುದ್ಧಕೈದಿ ಎಂಬ ರಕ್ಷಣೆ ಕೇಳುವ ಹಕ್ಕೂ ಇರುತ್ತಿರಲಿಲ್ಲ. ಅದರ ಅಪಾಯ ಅವರದೇ. ಆದರೆ ಸೈನಿಕರು ಜನಸಾಮಾನ್ಯರ ವೇಷದಲ್ಲಿ ಓಡಾಡಿದಷ್ಟೂ ಶತ್ರು ಪ್ರತಿಯೊಬ್ಬ ಜನಸಾಮಾನ್ಯನನ್ನೂ ಅನುಮಾನದಿಂದ ನೋಡುತ್ತಾನೆ. ಆ ಬೆಲೆ ತೆರುವವರು ಬೇರೆಯವರು. ಆಕ್ರಮಿತ ದೇಶದಲ್ಲಿ ಪ್ರತಿರೋಧ ಪಡೆಗೆ ಬೇರೆ ದಾರಿ ಇರಲಿಲ್ಲ ಎನ್ನುವುದೂ ಸರಿಯೇ. ಮೊದಲ ದಾಳಿಗಿಂತ ದೋಣಿಯ ದಾಳಿ ಒಂದು ಮೆಟ್ಟಿಲು ಕೆಳಗೆ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ.

ಜರ್ಮನ್ನರು ಬಾಂಬಿನ ಹತ್ತಿರಕ್ಕೂ ಬಂದಿರಲಿಲ್ಲವಂತೆ. ಹಾಗಾದರೆ ಆ 14 ಜನ ಸುಮ್ನೆ ಸತ್ತರಾ?

ಬಂದಿರಲಿಲ್ಲ, ನಿಜ. 1942ರ ಬೇಸಿಗೆಯ ಹೊತ್ತಿಗೇ ಜರ್ಮನಿ ಅಣುಬಾಂಬಿಗೆ ದೊಡ್ಡ ಮಟ್ಟದ ಹಣ ಹಾಕುವುದನ್ನು ಕೈಬಿಟ್ಟಿತ್ತು. 1945ರಲ್ಲಿ ಮಿತ್ರಪಡೆಗಳು ಹೈಗರ್‌ಲಾಕ್ ಎಂಬ ಊರಿನ ನೆಲಮಾಳಿಗೆಯಲ್ಲಿ ಅವರ ಕೊನೆಯ ರಿಯಾಕ್ಟರ್ ಪ್ರಯೋಗವನ್ನು ಕಂಡವು. ಅದು ಒಮ್ಮೆಯೂ ಸರಿಯಾಗಿ ಉರಿದಿರಲಿಲ್ಲ. ಭಾರಜಲ ಸಾಲದೆ ಹೋದದ್ದೂ ಅದಕ್ಕೆ ಒಂದು ಕಾರಣ. ಅಂದರೆ ದೋಣಿ ಮುಳುಗದಿದ್ದರೆ ಅದು ಉರಿಯುತ್ತಿತ್ತೋ ಏನೋ. ಉರಿದರೂ ಅಲ್ಲಿಂದ ಬಾಂಬಿಗೆ ಇನ್ನೂ ಬಹಳ ದೂರ.

ಆದರೆ ಇದೆಲ್ಲ ನಮಗೆ ಗೊತ್ತು. 1944ರ ಫೆಬ್ರವರಿಯಲ್ಲಿ ಲಂಡನ್ನಿಗೆ ಖಾತ್ರಿ ಇರಲಿಲ್ಲ. ಪರಮಾಣು ವಿದಳನ, ಅಂದರೆ ಪರಮಾಣು ಒಡೆಯುವುದನ್ನು, ಕಂಡುಹಿಡಿದದ್ದೇ ಬರ್ಲಿನ್ನಿನಲ್ಲಿ, 1938ರಲ್ಲಿ. ಅಂಥ ದೇಶ ಸುಮ್ಮನೆ ಕೂತಿದೆ ಎಂದು ಯಾರು ನಂಬುತ್ತಾರೆ? ನಿರ್ಧಾರವನ್ನು ಅಂದು ಗೊತ್ತಿದ್ದದ್ದರಿಂದಲೇ ತೂಗಬೇಕು. ಇದನ್ನು ಒಪ್ಪುತ್ತಲೇ ಒಂದು ಎಚ್ಚರಿಕೆ ಸೇರಿಸುತ್ತೇನೆ. ಅಂದು ನಮಗೆ ಗೊತ್ತಿರಲಿಲ್ಲ ಎನ್ನುವುದು ಯುದ್ಧದಲ್ಲಿ ತುಂಬಾ ಅಗ್ಗದ ಮಾತು. ಗೊತ್ತು ಮಾಡಿಕೊಳ್ಳಲು ಎಷ್ಟು ಪ್ರಯತ್ನ ಪಟ್ಟರು ಎಂದೂ ಕೇಳಬೇಕು. ರೇಡಿಯೋದಲ್ಲಿ ಹೋದ ಆ ಪ್ರಶ್ನೆಗೆ ಬಂದ ಚುಟುಕು ಉತ್ತರ ನನಗೆ ಇವತ್ತಿಗೂ ಸಮಾಧಾನ ಕೊಡುವುದಿಲ್ಲ.

ಇವತ್ತಿನ ಕಾನೂನಿನಲ್ಲಿ ಇದು ನಡೆಯುತ್ತಾ?

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಸೇರಿಸಿದ ಮೊದಲ ಪೂರಕ ಒಪ್ಪಂದ ಇದನ್ನು ಬರವಣಿಗೆಗೆ ಇಳಿಸಿತು. ಸೈನ್ಯಕ್ಕೆ ಸಿಗುವ ನೇರ ಲಾಭಕ್ಕೆ ಹೋಲಿಸಿದರೆ ಜನಸಾಮಾನ್ಯರಿಗೆ ಆಗುವ ಹಾನಿ ಅತಿಯಾಗುವಂತಿದ್ದರೆ ದಾಳಿ ಮಾಡಬಾರದು. ಹಾನಿ ತಗ್ಗಿಸಲು ಸಾಧ್ಯವಿರುವ ಎಚ್ಚರಿಕೆಯನ್ನೆಲ್ಲ ತೆಗೆದುಕೊಳ್ಳಬೇಕು. ಸಂದರ್ಭ ಬಿಟ್ಟುಕೊಟ್ಟರೆ ಮುನ್ಸೂಚನೆ ಕೊಡಬೇಕು. ಭಾನುವಾರ ಆರಿಸಿಕೊಂಡದ್ದು ಇದಕ್ಕೆ ಹೊಂದುತ್ತದೆ. ಉಳಿದದ್ದರ ಬಗ್ಗೆ ವಕೀಲರು ಎರಡೂ ಕಡೆ ವಾದ ಮಾಡಬಹುದು, ಯಾಕೆಂದರೆ ಆ ಅತಿ ಎಂಬ ಪದಕ್ಕೆ ಅಳತೆಗೋಲು ಇಲ್ಲ. ಭಾರತ 1949ರ ಜಿನೀವಾ ಒಪ್ಪಂದಗಳಿಗೆ ಸೇರಿದೆ. ಈ ಪೂರಕ ಒಪ್ಪಂದಕ್ಕೆ ಸೇರಿಲ್ಲ.

ಜರ್ಮನ್ನರು ಬರೀ ನೀರು ತುಂಬಿದ ಡ್ರಮ್ಮು ಕಳಿಸಿ ಮೋಸ ಮಾಡಿದ್ದರು ಎನ್ನುವುದು ನಿಜವಾ?

ಈ ಗುಮಾನಿ ಬಹಳ ವರ್ಷ ಓಡಾಡಿತು. ಮುಳುಗಿದ ದೋಣಿಯನ್ನು 1993ರಲ್ಲಿ ಸರೋವರದ ತಳದಲ್ಲಿ ಪತ್ತೆ ಮಾಡಿದರು. ಆಮೇಲೆ, 2004ರಲ್ಲಿ, ರಿಮೋಟಿನಿಂದ ನಡೆಯುವ ಯಂತ್ರ ಇಳಿಸಿ ಒಂದು ಡ್ರಮ್ಮನ್ನು ಮೇಲೆ ತಂದರು. ಮೇಲಿನ ಅಂಕಿ 26. ಅರವತ್ತು ವರ್ಷ ನೀರಿನಡಿ ಇದ್ದರೂ ಮುಚ್ಚಳ ಬಿಗಿಯಾಗಿಯೇ ಇತ್ತು. ಒಳಗಿನದನ್ನು ಪರೀಕ್ಷೆ ಮಾಡಿ ಜರ್ಮನ್ನರ ಹಳೆಯ ಸಾಗಣೆ ಪಟ್ಟಿಯ ಜೊತೆ ಹೋಲಿಸಿದರು. 26ನೇ ಡ್ರಮ್ಮಿನ ಎದುರು ಬರೆದಿದ್ದ ಪ್ರಮಾಣಕ್ಕೆ ಅದು ಸರಿಹೊಂದಿತು. ಉಳಿದವುಗಳಲ್ಲಿ ಹೆಚ್ಚಿನವು ಈಗಲೂ ಕೆಳಗೇ ಇವೆ.